ಒಂದು ಬೆಳಗಿಗೆ ಮೂರು ಸಭೆ

ಜಯಶೀಲ ಓಡಿಬಂದ.

ಹೊಳೆಯ ದಂಡೆಯ ಆಶ್ರಮದಲ್ಲಿ ಗುರು ಇನ್ನಾಸಯ್ಯ ಸೌದೆ ಸೀಳುತ್ತಿದ್ದರು. ಕಾವಿ ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿದ್ದರು. ಕೊರಳಿನ ಮರದ ಶಿಲುಬೆ ಬೆನ್ನ ಕಡೆಗೆ ಜಾರಿತ್ತು.

"ಗುರುಗಳೇ, ಒಪ್ಪಿದರು! ಮೂರೂ ಸಭೆಯವರು ಒಪ್ಪಿದರು!"

"ಏನಕ್ಕೆ?"

"ಒಂದಾಗೋಕೆ! ಈಸ್ಟರ್ ಬೆಳಿಗ್ಗೆ ಎಲ್ಲರೂ ನಮ್ಮ ದಂಡೆಗೆ ಬರ್ತಾರೆ. ಒಂದೇ ಪ್ರಾರ್ಥನೆ. ಒಂದೇ ಹಾಡು!"

ಗುರುಗಳು ಕೊಡಲಿ ಇಳಿಸಿ ಯೋಚಿಸಿದರು. "ಅಷ್ಟು ಜನ ಬಂದರೆ ಚಹಾ ಕಾಯಿಸಬೇಕಲ್ಲ. ಈ ಸೌದೆ ಸಾಲೋದಿಲ್ಲ" ಎಂದು ಮತ್ತೆ ಕೊಡಲಿ ಎತ್ತಿದರು.

ಆಶ್ರಮದ ಪಕ್ಕದ ಊರು ಮರಳಹಳ್ಳಿ. ಅಲ್ಲಿ ಯೇಸುವನ್ನು ನಂಬಿದವರು ಮೂರು ಕಡೆ ಸೇರುತ್ತಿದ್ದರು. ಗುಡಿಯವರಿಗೆ ಮರಿಯಮ್ಮನವರ ಪ್ರತಿಮೆ, ಮೇಣದಬತ್ತಿ, ಪೂಜೆ. ಹಳೇ ಸಭೆಯವರಿಗೆ ಹಾರ್ಮೋನಿಯಂ, ಕೀರ್ತನೆ, ಎಲ್ಲಕ್ಕಿಂತ ಮೇಲೆ ಬೈಬಲ್. ತಗಡಿನ ಸೂರಿನ ಮಂದಿರದವರಿಗೆ ಡೋಲು, ಚಪ್ಪಾಳೆ, ಕಣ್ಣೀರು.

ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗುತ್ತಿದ್ದರು. ಆದರೆ ಪ್ರಾರ್ಥನೆ ಮುಗಿಯುವ ತನಕ ಹೊರಗೇ ನಿಂತು, ಊಟದ ಹೊತ್ತಿಗೆ ಒಳಗೆ ಬರುತ್ತಿದ್ದರು.

ಜಯಶೀಲನಿಗೆ ಇದನ್ನು ಸಹಿಸಲು ಆಗುತ್ತಿರಲಿಲ್ಲ. ಪಟ್ಟಣದಲ್ಲಿ ದೇವಶಾಸ್ತ್ರ ಓದಿ, ಅಲ್ಲಿಂದ ನೇರ ಇನ್ನಾಸಯ್ಯನವರ ಹತ್ತಿರ ಬಂದಿದ್ದ. ಗುರುಗಳು ಯಾವ ಸಭೆಯವರೆಂದು ಯಾರಾದರೂ ಕೇಳಿದರೆ "ದಂಡೆಯವನು" ಎನ್ನುತ್ತಿದ್ದರು. ಜಯಶೀಲನಿಗೆ ಆ ಮಾತು ಬಹಳ ಹಿಡಿಸಿತ್ತು. ಊರಿನವರೆಲ್ಲ ಬೇಗ ದಂಡೆಯವರಾಗಿಬಿಡಬೇಕು ಎಂಬುದು ಅವನ ಆಸೆ.

ಮರುದಿನ ಅವನು ಪ್ರಾರ್ಥನೆಯೊಂದನ್ನು ಕಟ್ಟಿಕೊಂಡು ಬಂದ.

"ಕೇಳಿ ಗುರುಗಳೇ. ಇದರಲ್ಲಿ ಮರಿಯಮ್ಮನವರ ಹೆಸರಿಲ್ಲ, ಹಳೇ ಸಭೆಯವರಿಗೆ ಬೇಜಾರಾಗುತ್ತೆ ಅಂತ. ದೀಕ್ಷಾಸ್ನಾನದ ಮಾತಿಲ್ಲ, ಎಳೆಗೂಸಿಗೆ ಕೊಟ್ಟದ್ದು ನಡೆಯೋಲ್ಲ ಅಂತ ಮಂದಿರದವರು ಜಗಳ ತೆಗೀತಾರೆ. ಪವಿತ್ರಾತ್ಮರ ವರಗಳ ವಿಷಯ ಬಿಟ್ಟಿದ್ದೀನಿ, ಗುಡಿಯವರು ಮುಖ ಸಿಂಡರಿಸ್ತಾರೆ. ಯಾರಿಗೂ ನೋವಾಗೋದಿಲ್ಲ!"

ಅವನು ಪ್ರಾರ್ಥನೆಯನ್ನು ಹೇಳಿ ಮುಗಿಸಿದ. ಬಹಳ ಹೊತ್ತು ಹಿಡಿಯಲಿಲ್ಲ.

"ಊಟ ಮಾಡು ಬಾ" ಎಂದರು ಗುರುಗಳು.

ತಟ್ಟೆಗೆ ಅನ್ನ ಬಡಿಸಿದರು. ಅದರ ಮೇಲೆ ಸೌಟಿನಿಂದ ಬಿಸಿ ಬಿಸಿಯಾಗಿ ಏನನ್ನೋ ಸುರಿದರು. ಜಯಶೀಲ ಕಲೆಸಿ ಬಾಯಿಗಿಟ್ಟು ತಬ್ಬಿಬ್ಬಾದ.

"ಇದೇನು ಗುರುಗಳೇ?"

"ಸಾರು."

"ಬರೀ ಬಿಸಿನೀರು!"

"ನಿನಗೆ ಖಾರ ಆಗೋದಿಲ್ಲ, ಮೆಣಸಿನಕಾಯಿ ಬಿಟ್ಟೆ. ನನಗೆ ಹುಳಿ ಆಗೋದಿಲ್ಲ, ಹುಣಸೆಹಣ್ಣು ಬಿಟ್ಟೆ. ಯಾರಾದರೂ ಬಂದರೆ ಅವರಿಗೆ ಉಪ್ಪು ಆಗದೇ ಇರಬಹುದು. ಬೇಳೆ ಕೆಲವರಿಗೆ ವಾಯು. ತಿನ್ನು, ಯಾರಿಗೂ ನೋವಾಗೋದಿಲ್ಲ."

ಜಯಶೀಲ ತಲೆ ತಗ್ಗಿಸಿ ತಟ್ಟೆ ಖಾಲಿ ಮಾಡಿದ. ಏಳುವಾಗ ಅವನ ಕಣ್ಣು ಮತ್ತೆ ಮಿನುಗುತ್ತಿತ್ತು.

"ಅರ್ಥ ಆಯ್ತು. ಮುಚ್ಚಿಡಬಾರದು. ಮೂವರು ಮುಂದಾಳುಗಳನ್ನೂ ಇಲ್ಲಿಗೆ ಕರೀತೀನಿ. ಎಲ್ಲವನ್ನೂ ಬಿಚ್ಚಿ ಮಾತಾಡಲಿ. ಯಾವುದು ಸರಿ ಅಂತ ಇತ್ಯರ್ಥ ಆಗಿಬಿಡಲಿ!"

"ಒಳ್ಳೇದು, ಕರಿ" ಎಂದರು ಗುರುಗಳು.

ಭಾನುವಾರ ಮಧ್ಯಾಹ್ನ ಮೂವರೂ ಬಂದು ಆಶ್ರಮದ ಜಗಲಿಯ ಮೇಲೆ ಕೂತರು.

ಗುಡಿಯ ಕಡೆಯಿಂದ ಉಪದೇಶಿ ಚೌರಪ್ಪ, ಊರಿನ ಮಕ್ಕಳಿಗೆ ಜಪ ಕಲಿಸುವವರು. ಹಳೇ ಸಭೆಯಿಂದ ಹಿರಿಯರಾದ ಎಜ್ರಪ್ಪ. ಮಂದಿರದಿಂದ ಕೃಪಾವತಿ. ಅವಳ ಹಿಂದೆಯೇ ಮಂದಿರ ಸೇರಿ ಪಾಸ್ಟರ್ ಆಗಿದ್ದ ಗಂಡ ತೀರಿಕೊಂಡ ಮೇಲೆ ಅದನ್ನು ನಡೆಸುತ್ತಿದ್ದವಳು ಅವಳೇ. ಎಲ್ಲರೂ ಅವಳನ್ನು ಪಾಸ್ಟರಮ್ಮ ಎನ್ನುತ್ತಿದ್ದರು.

ಎಜ್ರಪ್ಪನವರು ಮಾತ್ರ ಏನೂ ಎನ್ನುತ್ತಿರಲಿಲ್ಲ. ಕೃಪಾವತಿ ಅವರ ಮಗಳು. ಅವಳು ಹಳೇ ಸಭೆ ಬಿಟ್ಟು ಮಂದಿರಕ್ಕೆ ಹೋಗಿ, ಹೊಳೆಯಲ್ಲಿ ಮುಳುಗಿ ಮತ್ತೊಮ್ಮೆ ದೀಕ್ಷಾಸ್ನಾನ ತೆಗೆದುಕೊಂಡ ದಿನದಿಂದ ಅವರು ಅವಳ ಜೊತೆ ಮಾತು ಬಿಟ್ಟಿದ್ದರು.

ಮಾತು ಮೆತ್ತಗೆ ಶುರುವಾಯಿತು. ಆಮೇಲೆ ಮೆತ್ತಗಿರಲಿಲ್ಲ.

"ಪ್ರತಿಮೆಯ ಮುಂದೆ ಮೊಣಕಾಲೂರೋದು ಯಾವ ಅಧ್ಯಾಯದಲ್ಲಿದೆ?" ಎಂದರು ಎಜ್ರಪ್ಪ.

"ನಿಮ್ಮ ಮನೆಯಲ್ಲಿ ನಿಮ್ಮ ಅವ್ವನ ಫೋಟೋಗೆ ಹೂವು ಹಾಕ್ತೀರಲ್ಲ, ಅದು ಯಾವ ಅಧ್ಯಾಯದಲ್ಲಿದೆ?" ಎಂದರು ಚೌರಪ್ಪ.

"ಎದೆ ಕರಗದೇ ಬರೀ ಓದಿದರೆ ಏನು ಬಂತು?" ಎಂದಳು ಕೃಪಾವತಿ.

ಎಜ್ರಪ್ಪನವರು ಎದ್ದು ನಿಂತರು. ಮಗಳ ಕಡೆ ನೋಡದೆ ಜಯಶೀಲನಿಗೆ ಹೇಳಿದರು: "ಕೇಳಪ್ಪ ಇವಳನ್ನ. ಎಳೆಗೂಸಾಗಿದ್ದಾಗ ಈ ಕೈಯಲ್ಲಿ ಎತ್ತಿಕೊಂಡು ಸಭೆಯ ಮುಂದೆ ನಿಂತು ದೀಕ್ಷಾಸ್ನಾನ ಮಾಡಿಸಿದೆ. ಅದು ಬರೀ ನೀರಾ? ಕೇಳು!"

ಎಜ್ರಪ್ಪನವರು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ಕೃಪಾವತಿ ಸೆರಗಿನಿಂದ ಮುಖ ಒರೆಸಿಕೊಂಡು ಇನ್ನೊಂದು ಕಡೆಯಿಂದ ಹೋದಳು. ಚೌರಪ್ಪನವರು, "ಈಸ್ಟರಿಗೆ ನಾವು ನಮ್ಮ ಗುಡಿಯಲ್ಲೇ ಇರ್ತೀವಿ ತಮ್ಮಾ" ಎಂದು ಜಯಶೀಲನ ಭುಜ ತಟ್ಟಿ ನಡೆದರು.

ಜಯಶೀಲ ಜಗಲಿಯ ಮೇಲೆ ಕುಸಿದು ಕೂತ.

"ಎಲ್ಲ ಹಾಳಾಯ್ತು ಗುರುಗಳೇ."

"ಎಲ್ಲಿ ಹಾಳಾಯ್ತು? ಇಷ್ಟು ದಿನ ಅವರವರ ಗೋಡೆಗೆ ಹೇಳ್ತಾ ಇದ್ದದ್ದನ್ನ ಇವತ್ತು ಮುಖ ನೋಡಿ ಹೇಳಿದರು. ನಾಳಿದ್ದು ಮತ್ತೆ ಕರಿ."

"ಬರೋದಿಲ್ಲ ಅಂತಾರೆ."

"ಒಂದಾಗೋಣ ಬನ್ನಿ ಅನ್ನಬೇಡ. ಜಗಳ ಅರ್ಧಕ್ಕೇ ನಿಂತಿದೆ, ಮುಗಿಸೋಣ ಬನ್ನಿ ಅನ್ನು. ಓಡಿ ಬರ್ತಾರೆ."

ಹೇಳಿದ್ದಕ್ಕಿಂತ ಮೊದಲೇ ಬಂದರು.

ಮೂವರೂ ಮುಖ ಬಿಗಿದುಕೊಂಡೇ ಕೂತರು. ಗುರುಗಳು ಜಗಲಿಯ ಮೆಟ್ಟಿಲ ಮೇಲೆ, ಎಲ್ಲರಿಗಿಂತ ಕೆಳಗೆ ಕೂತರು.

"ಹೋದ ಸಲ ನಿಮ್ಮ ನಿಮ್ಮ ಪರ ಮಾತಾಡಿದಿರಿ. ಇವತ್ತು ಪಕ್ಕದವರ ಪರ ಮಾತಾಡಿ. ಅವರು ಯಾವುದಕ್ಕೆ ಪ್ರಾಣ ಬಿಡ್ತಾರೆ, ಯಾಕೆ, ಅದನ್ನು ಹೇಳಿ. ಕೇಳಿದವರು 'ಹೌದು, ಅದೇ' ಅನ್ನಬೇಕು. ಅಲ್ಲಿಯವರೆಗೆ ಯಾರೂ ಏಳೋ ಹಾಗಿಲ್ಲ."

"ಇವರ ಪರ ನಾನು ವಾದ ಮಾಡಬೇಕಾ?" ಚೌರಪ್ಪ ಹುಬ್ಬೇರಿಸಿದರು.

"ವಾದ ಬೇಡ. ಕಂಡದ್ದು ಹೇಳಿ. ನೀವೇ ಮೊದಲು. ಎಜ್ರಪ್ಪನವರ ಪರ."

ಚೌರಪ್ಪ ಗಡ್ಡ ಕೆರೆದುಕೊಂಡರು. ಒಮ್ಮೆ ಕೆಮ್ಮಿದರು.

"ನಮ್ಮ ಹಿತ್ತಲು, ಅವರ ಹಿತ್ತಲು ಒಂದಕ್ಕೊಂದು ಅಂಟಿಕೊಂಡಿವೆ. ದಿನಾ ಬೆಳಿಗ್ಗೆ ಬೈಬಲ್ ಓದ್ತಾರೆ, ಜೋರಾಗಿ. ಕಣ್ಣು ಮಂಜಾಗಿದೆ ಅಂತ ಊರಿಗೆಲ್ಲ ಗೊತ್ತು. ಹೇಗೆ ಓದ್ತಾರೆ ಅಂತ ಒಂದು ದಿನ ಬೇಲಿಯಿಂದ ಇಣುಕಿದೆ. ಓದ್ತಾ ಇರಲಿಲ್ಲ. ಎಲ್ಲ ಬಾಯಿಪಾಠ. ಆದರೂ ಪುಸ್ತಕ ತೊಡೆಯ ಮೇಲಿತ್ತು. ಪುಟ ತಿರುವ್ತಾ ಇದ್ದರು."

"ಯಾಕೆ?" ಎಂದರು ಗುರುಗಳು.

"ತಮ್ಮ ಮಾತು ಅಂತ ಯಾರಿಗೂ ಅನ್ನಿಸಬಾರದು ಅಂತ. ದೇವರ ಮಾತು, ತಾನು ಬರೀ ಬಾಯಿ." ಚೌರಪ್ಪ ನೆಲ ನೋಡಿದರು. "ಆವತ್ತಿನಿಂದ ನಾನೂ ಹಿತ್ತಲಲ್ಲಿ ನಿಂತು ಕೇಳ್ತೀನಿ. ಹಲ್ಲುಜ್ಜೋ ನೆವ ಮಾಡಿಕೊಂಡು."

ಎಜ್ರಪ್ಪನವರು ಬೆಚ್ಚಿ ಅವರ ಕಡೆ ತಿರುಗಿದರು. ತುಟಿ ಅಲುಗಿತು.

"ಹೌದು" ಎಂದರು. "ಅದೇ."

ಜಯಶೀಲನಿಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಕಂಬಕ್ಕೆ ಆತುಕೊಂಡ.

"ಪಾಸ್ಟರಮ್ಮ, ನೀವು ಚೌರಪ್ಪನವರ ಪರ" ಎಂದರು ಗುರುಗಳು.

ಕೃಪಾವತಿ ಚೌರಪ್ಪನವರ ಕಡೆ ತಿರುಗಿ ಕೂತಳು.

"ನಮ್ಮ ಮಂದಿರದಲ್ಲಿ ನಾವು ಪ್ರತಿಮೆ ಇಡೋದಿಲ್ಲ. ಇಡಬಾರದು ಅಂತಲೇ ನಾನು ಬೋಧಿಸ್ತೀನಿ. ಆದರೆ ನನ್ನ ಮಗು ಹೋದಾಗ ಒಂದು ಸಲ ಗುಡಿಯ ಬಾಗಿಲ ತನಕ ಹೋಗಿದ್ದೆ. ಒಳಗೆ ಹೋಗಲಿಲ್ಲ. ಅಲ್ಲಿಂದ ಮರಿಯಮ್ಮ ಕಾಣ್ತಾ ಇದ್ದಳು. ಅವಳ ಮುಂದೆ ಹೆಂಗಸರು ಕೂತಿದ್ದರು. ಯಾರೂ ಏನೂ ಕೇಳ್ತಾ ಇರಲಿಲ್ಲ. ಸುಮ್ಮನೆ ಕೂತಿದ್ದರು. ಮಗನನ್ನು ಕಳಕೊಂಡವಳ ಹತ್ತಿರ ಮಾತಾಡೋ ಅಗತ್ಯ ಇಲ್ಲ ಅಂತ ಅವರಿಗೆ ಗೊತ್ತಿತ್ತು ಅನ್ನಿಸುತ್ತೆ."

ಚೌರಪ್ಪನವರ ಕಣ್ಣು ತುಂಬಿತು. "ಒಳಗೆ ಬರಬಹುದಿತ್ತು ತಾಯಿ" ಎಂದರು. ಆಮೇಲೆ ನೆನಪಾಗಿ, "ಹೌದು, ಅದೇ, ಅದೇ" ಎಂದು ಎರಡೆರಡು ಸಲ ಹೇಳಿದರು.

ಉಳಿದವರು ಎಜ್ರಪ್ಪ.

"ನಿಮ್ಮ ಸರದಿ" ಎಂದರು ಗುರುಗಳು. "ಕೃಪಾವತಿ ಯಾಕೆ ಹೊಳೆಗೆ ಇಳಿದಳು?"

ಮುದುಕರು ತುಟಿ ಬಿಗಿದರು. ಹೊಳೆಯ ಕಡೆ ನೋಡಿದರು.

"ನನಗೆ ಗೊತ್ತಿಲ್ಲ" ಎಂದರು ಕಡೆಗೆ.

"ಕೇಳಲಿಲ್ಲವೇ?"

"ಕೇಳಲಿಲ್ಲ."

"ಇಷ್ಟು ವರ್ಷ?"

"ಇಷ್ಟು ವರ್ಷ."

"ಇಲ್ಲೇ ಕೂತಿದ್ದಾಳೆ."

ಎಜ್ರಪ್ಪನವರು ಕೈಯಲ್ಲಿದ್ದ ಟವೆಲನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಮಗಳ ಮುಖ ನೋಡಿದರು.

"ಯಾಕಮ್ಮ? ನಾನು ಕೊಡಿಸಿದ್ದು ಸಾಲಲಿಲ್ಲವಾ?"

ಕೃಪಾವತಿ ತಲೆ ಎತ್ತಿದಳು. ಅಪ್ಪ ಅವಳನ್ನು ಅಮ್ಮ ಎಂದು ಕರೆದು ಎಷ್ಟೋ ವರ್ಷವಾಗಿತ್ತು.

"ಮಗು ಹೋದ ಮೇಲೆ ನನ್ನ ನಾಲಿಗೆ ಕಟ್ಟಿಹೋಗಿತ್ತಪ್ಪ. ಸಭೆಗೆ ಬಂದರೆ ಕೀರ್ತನೆ ಹೊರಡ್ತಾ ಇರಲಿಲ್ಲ. ನೀವು ಮುಂದಿನ ಬೆಂಚಿನಲ್ಲಿ ಇರ್ತಿದ್ದಿರಿ, ನಿಮಗೆ ಕಾಣಲಿಲ್ಲ. ಒಂದು ಸಂಜೆ ಈ ಹೊಳೆಗೆ ಬಂದೆ. ಹೋಗಿಬಿಡೋಣ ಅಂತಲೇ ಬಂದೆ. ಬಟ್ಟೆ ಒಗೀತಿದ್ದ ಮಂದಿರದ ಹೆಂಗಸರು ನೋಡಿ ಎಳಕೊಂಡು ಹೋದರು. ಅವರು ಬುದ್ಧಿ ಹೇಳಲಿಲ್ಲ. ನನ್ನ ಜೊತೆ ಅತ್ತರು. ಜೋರಾಗಿ, ಊರಿಗೆ ಕೇಳೋ ಹಾಗೆ. ಆಗ ನನ್ನ ಬಾಯಿ ಬಿಟ್ಟಿತು."

ಅವಳು ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

"ಆಮೇಲೆ ಒಂದೇ ಅನ್ನಿಸಿತು. ಸಾಯೋಕೆ ಅಂತ ಇಳಿದಿದ್ದ ಹೊಳೆಗೆ ಇನ್ನೊಂದು ಸಲ ಇಳೀಬೇಕು. ಯೇಸುವಿನ ಹೆಸರಲ್ಲಿ ಮುಳುಗಿ, ಎದ್ದು ಬರಬೇಕು. ನೀವು ಕೊಡಿಸಿದ್ದನ್ನು ತೊಳಕೊಳ್ಳೋಕೆ ಇಳಿಯಲಿಲ್ಲಪ್ಪ."

ಗಾಳಿ ಬೀಸಿತು.

"ಈಗ ಹೇಳಿ" ಎಂದರು ಗುರುಗಳು ಮೆಲ್ಲಗೆ.

ಎಜ್ರಪ್ಪನವರು ಸಭೆಯ ಮುಂದೆ ಓದುವವರಂತೆ ನೆಟ್ಟಗೆ ಕೂತರು.

"ನನ್ನ ಮಗಳು ಸತ್ತಿದ್ದಳು" ಎಂದರು. "ನನಗೆ ಗೊತ್ತಾಗಲಿಲ್ಲ. ಅವಳು ಎದ್ದು ಬಂದಳು. ಅದಕ್ಕೆ ಇಳಿದಳು."

"ಹೌದಪ್ಪ" ಎಂದಳು ಕೃಪಾವತಿ. "ಅದೇ."

ಎಜ್ರಪ್ಪನವರು ಮಗಳ ತಲೆಯ ಮೇಲೆ ಕೈಯಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ಹೇಳಿದರು: "ಆದರೂ ಎರಡನೇ ಸಲದ ದೀಕ್ಷಾಸ್ನಾನವನ್ನು ನಾನು ಒಪ್ಪೋದಿಲ್ಲ."

"ಗೊತ್ತಪ್ಪ" ಎಂದಳು ಅವಳು, ಅಳುತ್ತಾ ನಗುತ್ತಾ. "ನಮ್ಮವರು ಮೊದಲನೇದನ್ನ ಒಪ್ಪೋದಿಲ್ಲ."

ಅವರು ಹೊರಡುವಾಗ ಜಯಶೀಲ ಹಿಂದೆಯೇ ಓಡಿದ. "ಈಸ್ಟರಿಗೆ? ಈಸ್ಟರಿಗೆ ಬರ್ತೀರಾ?"

ಉತ್ತರ ಗುರುಗಳಿಂದ ಬಂತು. "ಬನ್ನಿ. ಏನನ್ನೂ ಬಿಟ್ಟು ಬರಬೇಡಿ. ನಿಮಗೆ ಪ್ರಾಣ ಅನ್ನಿಸಿದ್ದನ್ನೇ ತನ್ನಿ."

ಈಸ್ಟರ್ ದಿನ ಕೋಳಿ ಕೂಗುವ ಮೊದಲೇ ಜಯಶೀಲ ದಂಡೆಯ ಮೇಲಿದ್ದ. ಒಬ್ಬರೂ ಬರದಿದ್ದರೆ ಎಂಬ ಭಯದಿಂದ ಊರಿನ ಮೂರು ದಾರಿಗಳನ್ನೂ ಮತ್ತೆ ಮತ್ತೆ ನೋಡುತ್ತಿದ್ದ.

ಮೊದಲು ಗುಡಿಯ ಕಡೆಯಿಂದ ಬೆಳಕಿನ ಸಾಲು ಕಾಣಿಸಿತು. ಕೈ ಕೈಯಲ್ಲೂ ಮೇಣದಬತ್ತಿ. ಆಮೇಲೆ ಎತ್ತಿನ ಗಾಡಿಯ ಸದ್ದು. ಹಳೇ ಸಭೆಯವರು ಹಾರ್ಮೋನಿಯಮ್ಮನ್ನು ಹುಲ್ಲಿನ ಮೇಲಿಟ್ಟು ತರುತ್ತಿದ್ದರು. ಮಂದಿರದವರು ಕಾಣುವ ಮೊದಲೇ ಅವರ ಡೋಲು ಕೇಳಿಸಿತು.

"ಬಂದರು!" ಜಯಶೀಲ ಕೂಗಿದ. "ಗುರುಗಳೇ, ಎಲ್ಲರೂ ಬಂದರು!"

ದಂಡೆ ತುಂಬಿತು. ಹೊಳೆಯ ಗಾಳಿಗೆ ಗುಡಿಯವರ ಮೇಣದಬತ್ತಿಗಳು ಆರತೊಡಗಿದವು. ಒಬ್ಬರ ಬತ್ತಿಯಿಂದ ಇನ್ನೊಬ್ಬರು ಹಚ್ಚಿಕೊಳ್ಳುವ ಗಡಿಬಿಡಿ. ಚೌರಪ್ಪನವರಿಗೆ ಶಾಲು ಸರಿಮಾಡಿಕೊಳ್ಳಬೇಕಿತ್ತು. "ಸ್ವಲ್ಪ ಹಿಡೀ ತಾಯಿ" ಎಂದು ತಮ್ಮ ಬತ್ತಿಯನ್ನು ಪಕ್ಕದಲ್ಲಿದ್ದ ಕೃಪಾವತಿಯ ಕೈಗೆ ಕೊಟ್ಟರು. ಮಂದಿರದವರೆಲ್ಲ ಅವಳನ್ನೇ ನೋಡಿದರು. ಅವಳು ಅಂಗೈ ಅಡ್ಡ ಹಿಡಿದು ಬತ್ತಿ ಆರದ ಹಾಗೆ ಕಾದಳು.

ಎಜ್ರಪ್ಪನವರು ಪುಸ್ತಕ ತೆರೆದು ಓದತೊಡಗಿದರು. ಕಲ್ಲು ಉರುಳಿದ್ದು, ಹೆಂಗಸರು ಗಾಬರಿಯಾದದ್ದು, ಯೇಸುವಿನ ಸಮಾಧಿ ಬರಿದಾಗಿದ್ದದ್ದು.

"ಹಲ್ಲೆಲೂಯಾ!" ಮಂದಿರದವರು ಒಮ್ಮೆಗೇ ಕೂಗಿದರು.

ಎಜ್ರಪ್ಪನವರಿಗೆ ಓದು ತಪ್ಪಿತು. ಅವರ ಜೀವಮಾನದಲ್ಲಿ ಓದುವಾಗ ಯಾರೂ ಅಡ್ಡ ಬಾಯಿ ಹಾಕಿರಲಿಲ್ಲ. ಹುಬ್ಬು ಗಂಟಿಕ್ಕಿ ಮತ್ತೆ ಶುರು ಮಾಡಿದರು.

"ಆತನು ಇಲ್ಲಿಲ್ಲ, ಎದ್ದಿದ್ದಾನೆ."

"ಹಲ್ಲೆಲೂಯಾ!"

ಮೂರನೆಯ ಸಲ ಅವರು ಓದಿ ತಾವೇ ನಿಂತರು, ಕೂಗಿಗೆ ಜಾಗ ಬಿಟ್ಟರು. ಕೂಗು ಬಂತು. ಮುದುಕರ ಮುಖ ಅರಳಿತು. ಆಮೇಲೊಮ್ಮೆ ನಿಂತಾಗ ಯಾರೂ ಕೂಗಲಿಲ್ಲ. ಎಜ್ರಪ್ಪನವರು ಕನ್ನಡಕದ ಮೇಲಿನಿಂದ ಮಗಳನ್ನು ದುರುಗುಟ್ಟಿ ನೋಡಿದರು. ಕೃಪಾವತಿ ನಗು ತಡೆಯಲಾರದೆ ಕೂಗಿದಳು. ಈ ಸಲ ಗುಡಿಯವರ ದನಿಯೂ ಸೇರಿತು.

ಹೊಳೆಯ ಆಚೆ ಸೂರ್ಯ ಎದ್ದ. ಡೋಲು ಹಾರ್ಮೋನಿಯಮ್ಮನ ತಾಳ ತಪ್ಪಿಸಿತು. ಹಾರ್ಮೋನಿಯಂ ಡೋಲನ್ನು ಹಿಡಿಯಲು ಓಡಿತು. ಹಾಡು ಚೆನ್ನಾಗಿರಲಿಲ್ಲ. ಯಾರೂ ನಿಲ್ಲಿಸಲೂ ಇಲ್ಲ.

ಜಯಶೀಲನ ಎದೆ ಒಡೆದುಹೋಗುವಂತಿತ್ತು. ಅವನು ಆಶ್ರಮಕ್ಕೆ ಓಡಿ, ಯಾರಿಗೂ ಹೇಳದೆ ಸಿದ್ಧಮಾಡಿಟ್ಟಿದ್ದ ಒಂದು ರೊಟ್ಟಿ, ಒಂದು ಬಟ್ಟಲು ದ್ರಾಕ್ಷಾರಸ ತಂದ. ದಂಡೆಯ ಚಪ್ಪಡಿಯ ಮೇಲಿಟ್ಟ.

"ಈಗ ಇದೊಂದು!" ಎಂದ. "ಯೇಸು ಕಡೆಯ ಊಟದಲ್ಲಿ ಹಂಚಿದ ಹಾಗೆ, ಒಂದೇ ರೊಟ್ಟಿ. ಎಲ್ಲರೂ ಒಟ್ಟಿಗೆ!"

ಹಾಡು ನಿಂತಿತು.

ಚೌರಪ್ಪನವರು ರೊಟ್ಟಿಯನ್ನೇ ನೋಡುತ್ತಾ ನಿಂತರು. "ಇದು ನಮ್ಮಿಂದ ಆಗೋದಿಲ್ಲ ತಮ್ಮಾ. ಆಸೆ ಇಲ್ಲ ಅಂತಲ್ಲ. ಪ್ರಸಾದ ನಮಗೆ ಗುಡಿಯಲ್ಲಿ, ಪೂಜೆಯಲ್ಲಿ."

"ನಮಗೂ ಸಭೆಯಲ್ಲಿ ಪ್ರಭುಭೋಜನ ಇದೆ. ಕಾಯ್ತಾ ಇದ್ದಾರೆ" ಎಂದರು ಎಜ್ರಪ್ಪ.

ಕೃಪಾವತಿ ಬತ್ತಿಯನ್ನು ಚೌರಪ್ಪನವರಿಗೆ ಮೆಲ್ಲಗೆ ಹಿಂತಿರುಗಿಸಿದಳು.

ಜನ ಕರಗಿದರು. ಬೆಳಕಿನ ಸಾಲು ಗುಡಿಯ ದಾರಿ ಹಿಡಿಯಿತು. ಗಾಡಿ ಹಳೇ ಸಭೆಯ ಕಡೆ ತಿರುಗಿತು. ಡೋಲು ತಗಡಿನ ಮಂದಿರದ ಕಡೆ ಹೋಯಿತು.

ಚಪ್ಪಡಿಯ ಪಕ್ಕದಲ್ಲಿ ಜಯಶೀಲ ಒಬ್ಬನೇ ನಿಂತಿದ್ದ. ಗುರುಗಳು ಬಂದು ಅವನ ಹೆಗಲ ಮೇಲೆ ಕೈಯಿಟ್ಟರು.

"ನೋಡಿದಿರಾ ಗುರುಗಳೇ?" ಅವನ ಕೆನ್ನೆ ಒದ್ದೆಯಾಗಿತ್ತು. "ಅಷ್ಟೆಲ್ಲ ಆದ ಮೇಲೂ ಕಡೆಗೆ ಮೂರು ದಾರಿ ಹಿಡಿದರು!"

ಗುರುಗಳು ಅವನ ಗದ್ದ ಹಿಡಿದು ಮುಖವನ್ನು ಆ ಮೂರು ದಾರಿಗಳ ಕಡೆಗೆ ಎತ್ತಿದರು.

"ಕಾಲು ನೋಡಬೇಡ. ಕತ್ತು ನೋಡು. ಒಬ್ಬರಾದರೂ ಹಿಂದೆ ತಿರುಗಿ ನೋಡದೆ ಹೋಗ್ತಾ ಇದ್ದಾರಾ?"